ಮಂಡಿ ನೋವು ಇಟ್ಟುಕೊಂಡು ದಕ್ಷಿಣ ಇಟಲಿಗೆ ಹೋಗಬಹುದಾ?

ಪ್ರಶ್ನೆ: ನನಗೆ 72, ನನ್ನ ಹೆಂಡತಿಗೆ 68. ಮೈಸೂರಿನವರು, ಸಸ್ಯಾಹಾರಿಗಳು. ಅವಳ ಎರಡೂ ಮಂಡಿ ಸವೆದಿದೆ, ಆಪರೇಷನ್ನು ಮುಂದೂಡುತ್ತಾ ಬಂದಿದ್ದೇವೆ. ಊರುಗೋಲು ಹಿಡಿದು 300-400 ಮೀಟರ್ ನಡೆಯುತ್ತಾಳೆ, ಆಮೇಲೆ ಕೂರಲೇಬೇಕು. ಕಂಬಿ ಇದ್ದರೆ ಹತ್ತು ಹದಿನೈದು ಮೆಟ್ಟಿಲು ನಿಧಾನಕ್ಕೆ ಹತ್ತುತ್ತಾಳೆ. ಹೋದ ವರ್ಷ ಶ್ರವಣಬೆಳಗೊಳದಲ್ಲಿ ಕೆಳಗೇ ಕೂತಳು. ಗ್ರೂಪ್ ಟೂರ್ ಒಮ್ಮೆ ಮಾಡಿ ಸಾಕಾಗಿದೆ, ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಓಡಿಸುತ್ತಾರೆ. ಈ ಸಲ ನಾವಿಬ್ಬರೇ 12 ದಿನ ದಕ್ಷಿಣ ಇಟಲಿಗೆ ಹೋಗಿ ಪೊಂಪೈ, ಅಮಾಲ್ಫಿ ಕರಾವಳಿ, ಮಟೇರಾ ನೋಡಬೇಕು ಅಂತ ಆಸೆ. ಮಕ್ಕಳು ಬೇಡವೇ ಬೇಡ ಅನ್ನುತ್ತಿದ್ದಾರೆ. ಸಾಧ್ಯವಾ?

ಉತ್ತರ: ಸಾಧ್ಯ ಸಾರ್, ಖಂಡಿತ ಸಾಧ್ಯ. ಆದರೆ ನೀವು ಬರೆದ ಊರುಗಳಲ್ಲೇ ರೂಮ್ ಮಾಡಿದರೆ ಮೂರನೇ ದಿನಕ್ಕೆ ಮಕ್ಕಳ ಮಾತೇ ನಿಜವಾಗುತ್ತದೆ. ವಯಸ್ಸಾದವರಿಗೆ ಪ್ರವಾಸ ಹೊಂದಿಸಿಕೊಡುವಾಗ ನಾನು ಒಂದು ವಿಷಯಕ್ಕೆ ಮಾತ್ರ ಹಟ ಹಿಡಿಯುತ್ತೇನೆ. ನೋಡುವ ಊರು ಬೇರೆ, ಉಳಿಯುವ ಊರು ಬೇರೆ. ನೋಡುವ ಊರು ಗುಡ್ಡದ ಮೇಲಿದ್ದರೂ ಪರವಾಗಿಲ್ಲ, ಅರ್ಧ ದಿನ ಹೋಗಿ, ಒಂದು ಒಳ್ಳೆ ಜಾಗದಲ್ಲಿ ಕೂತು, ಕಣ್ತುಂಬ ನೋಡಿಕೊಂಡು ಬರಬಹುದು. ಉಳಿಯುವ ಊರು ಮಾತ್ರ ಅಂಗೈ ಥರ ಸಮತಟ್ಟಾಗಿರಬೇಕು, ಹೋಟೆಲ್ಲು ಸ್ಟೇಷನ್ ಹತ್ತಿರವೇ ಇರಬೇಕು. ಯಾಕೆಂದರೆ ಉಳಿಯುವ ಊರಿನ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಕಾಗುತ್ತದೆ. ಊಟಕ್ಕೆ, ನೀರಿಗೆ, ಮರೆತು ಬಂದ ಕನ್ನಡಕಕ್ಕೆ.

ಪೊಸಿಟಾನೊದ ಫೋಟೊ ನೋಡಿರುತ್ತೀರಿ, ಅಮಾಲ್ಫಿ ಕರಾವಳಿ ಅಂದರೆ ಎಲ್ಲರೂ ತೋರಿಸುವುದು ಅದನ್ನೇ. ಬಣ್ಣಬಣ್ಣದ ಮನೆಗಳು ಸಮುದ್ರದಿಂದ ಮೇಲಕ್ಕೆ ಪೇರಿಸಿಟ್ಟ ಹಾಗೆ. ಆ ಫೋಟೊವನ್ನು ಇನ್ನೊಮ್ಮೆ ತೆಗೆದು ಮನೆಗಳ ಮಧ್ಯೆ ರಸ್ತೆ ಎಲ್ಲಿದೆ ಅಂತ ಹುಡುಕಿ. ಒಂದೋ ಎರಡೋ ಸಿಗುತ್ತದೆ, ಉಳಿದದ್ದೆಲ್ಲ ಮೆಟ್ಟಿಲು. ವಿಂಧ್ಯಗಿರಿಯಲ್ಲಾದರೂ ಡೋಲಿ ಇದೆ, ಪೊಸಿಟಾನೊದ ಕೂಲಿಯವರು ಹೊರುವುದು ಸೂಟ್‌ಕೇಸ್ ಮಾತ್ರ! ಅಲ್ಲಿ ರೂಮ್ ಬೇಡ.

ಬದಲಿಗೆ ಸಲೆರ್ನೊದಲ್ಲಿ ಐದು ರಾತ್ರಿ ಇರಿ. ಪ್ರವಾಸಿಗಳು ರೈಲು ಬದಲಾಯಿಸಿ ಮುಂದೆ ಹೋಗುವ ಊರು ಇದು, ಅದಕ್ಕೇ ನಮಗೆ ಒಳ್ಳೆಯದು. ವೇಗದ ರೈಲಿನಲ್ಲಿ ನೇಪಲ್ಸ್‌ನಿಂದ ಮುಕ್ಕಾಲು ಗಂಟೆಯೊಳಗೆ ಬರುತ್ತದೆ. ಸ್ಟೇಷನ್‌ನಿಂದ ಹೊರಬಿದ್ದರೆ ಎದುರಿಗೇ ವಾಹನ ಓಡಾಡದ ಅಂಗಡಿ ಬೀದಿ. ಐದು ನಿಮಿಷ ನಡೆದರೆ ಸಮುದ್ರದ ದಂಡೆ, ಉದ್ದಕ್ಕೂ ಮರಗಳು, ಮರದ ಕೆಳಗೆ ಬೆಂಚು. ಸಂಜೆ ಊರಿನ ಅಜ್ಜ ಅಜ್ಜಿಯರೆಲ್ಲ ಅಲ್ಲೇ ಇರುತ್ತಾರೆ. ಇಟಲಿಯವರು ಸಂಜೆ ಸುಮ್ನೆ ನಡೆಯುವುದಕ್ಕೇ ಪಸೆಜ್ಜಾತಾ ಅಂತ ಹೆಸರಿಟ್ಟಿದ್ದಾರೆ. ನಾಲ್ಕು ಹೆಜ್ಜೆ ನಡೆಯುವುದು, ಕೂರುವುದು, ಯಾರೋ ಸಿಕ್ಕರೆ ಮಾತಾಡುವುದು. ನಿಮ್ಮ ಮನೆಯವರ 300 ಮೀಟರ್ ಲೆಕ್ಕಕ್ಕೆ ಸರಿಯಾಗಿ ಮಾಡಿದ ಹಾಗಿದೆ.

ಸಲೆರ್ನೊದಿಂದ ಅಮಾಲ್ಫಿಗೆ ದೋಣಿಯಲ್ಲಿ ಹೋಗಿ. ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತದೆ, 35 ನಿಮಿಷದ ಪ್ರಯಾಣ, ಸ್ಟೇಷನ್‌ಗೆ ಹತ್ತಿರದ ಪಿಯಾತ್ಸಾ ದೆಲ್ಲಾ ಕೊಂಕೊರ್ದಿಯಾ ಧಕ್ಕೆಯಿಂದ ಹೊರಡುತ್ತದೆ. ಬಸ್ಸು ಬೇಡ. ಆ ಕರಾವಳಿ ರಸ್ತೆ ನಮ್ಮ ಆಗುಂಬೆ ಘಾಟಿಯ ಥರ ತಿರುವು ಮೇಲೆ ತಿರುವು, ಸೀಸನ್‌ನಲ್ಲಿ ಬಸ್ಸಿನಲ್ಲಿ ನಿಂತೇ ಹೋಗಬೇಕಾಗಬಹುದು. ದೋಣಿಯಲ್ಲಿ ಕೂತರೆ ಇಡೀ ಕರಾವಳಿ ಎದುರಿನಿಂದ ಕಾಣಿಸುತ್ತದೆ, ಪೊಸಿಟಾನೊ ಕೂಡ ಸಮುದ್ರದಿಂದಲೇ ಚೆಂದ. ಹತ್ತಿ ಇಳಿಯಲು ಅಗಲ ಕಡಿಮೆ ಇರುವ ಹಲಗೆ ಹಾಕುತ್ತಾರೆ, ದೋಣಿಯವರು ಎರಡೂ ಕಡೆ ಕೈ ಹಿಡಿಯುತ್ತಾರೆ, ಆದರೆ ಅಲೆ ಇದ್ದ ದಿನ ಹಲಗೆ ಅಲ್ಲಾಡುತ್ತದೆ. ಹಾಗಾಗಿ ಬೆಳಗಿನ ಶಾಂತ ಹೊತ್ತೇ ವಾಸಿ. ಸಮುದ್ರ ಜೋರಿದ್ದರೆ ದೋಣಿಯೇ ಇರುವುದಿಲ್ಲ, ಅದಕ್ಕೇ ಐದು ರಾತ್ರಿ ಅಂದದ್ದು. ಒಂದು ದಿನ ಹೋದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ.

ಅಮಾಲ್ಫಿಯಲ್ಲಿ ಇಳಿದ ಜಾಗದಿಂದ ಚರ್ಚಿನ ಚೌಕ ಹತ್ತಿರ, ಹೆಚ್ಚೇನೂ ಏರಿಲ್ಲ. ಚರ್ಚಿಗೆ ಮಾತ್ರ 62 ಮೆಟ್ಟಿಲು. ಹತ್ತಲೇಬೇಕು ಅಂತೇನೂ ಇಲ್ಲ ಅಲ್ವಾ? ಕೆಳಗೆ ಕಾಫಿ ಅಂಗಡಿಯ ಕುರ್ಚಿಯಲ್ಲಿ ಕೂತರೆ ಚರ್ಚಿನ ಕಪ್ಪು ಬಿಳಿ ಪಟ್ಟೆಯ ಮುಖ, ಆ ಮೆಟ್ಟಿಲ ಮೇಲೆ ಫೋಟೊಗೆ ನಿಂತ ಮದುಮಕ್ಕಳು, ಎಲ್ಲ ಅಲ್ಲಿಂದಲೇ. ಅಲ್ಲಿಂದ ಟ್ಯಾಕ್ಸಿಯಲ್ಲಿ ರವೆಲ್ಲೊಗೆ ಹೋಗಿ. ಸಮುದ್ರದಿಂದ ಸುಮಾರು 350 ಮೀಟರ್ ಎತ್ತರದ ಊರು, ಆದರೆ ಮೇಲೆ ಹೋದ ಮೇಲೆ ಚೌಕ ಸಮತಟ್ಟು, ವಿಲ್ಲಾ ರುಫೊಲೊದ ಬಾಗಿಲು ಚೌಕದಲ್ಲೇ ಇದೆ. ವಿಲ್ಲಾ ಚಿಂಬ್ರೋನೆ ಅಂತ ಇನ್ನೊಂದಿದೆ, ಅದಕ್ಕೆ ನಡಿಗೆಯೂ ಮೆಟ್ಟಿಲೂ ಜಾಸ್ತಿ, ಬಿಡಿ.

ಇನ್ನು ಪೊಂಪೈ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪು ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಊರು, 66 ಹೆಕ್ಟೇರ್. ರಸ್ತೆಗಳು ಎರಡು ಸಾವಿರ ವರ್ಷದ ಹಿಂದಿನವೇ. ದೊಡ್ಡ ದೊಡ್ಡ ಕಪ್ಪು ಲಾವಾ ಕಲ್ಲು, ಗಾಡಿ ಚಕ್ರ ಓಡಿ ಓಡಿ ಆದ ಕೊರಕಲು, ಎರಡೂ ಬದಿ ಎತ್ತರದ ಕಟ್ಟೆ. ಆ ಕಾಲದವರು ರಸ್ತೆ ದಾಟಲು ಮಧ್ಯೆ ಕಲ್ಲಿನ ದಿಂಡುಗಳನ್ನು ಇಟ್ಟಿದ್ದರು, ಹಳ್ಳ ದಾಟಲು ಇಡುವ ಹಾಗೆ, ಅವು ಈಗಲೂ ಹಾಗೇ ಇವೆ. ಮಂಡಿ ನೋವಿದ್ದವರು ಅದರ ಮೇಲೆ ಕಾಲಿಡುವ ಮಾತೇ ಬೇಡ.

ಆದರೆ 2016ರಿಂದ ‘ಪೊಂಪೈ ಪೆರ್ ತುತ್ತಿ’ ಅಂತ ಒಂದು ದಾರಿ ಮಾಡಿದ್ದಾರೆ, ಎಲ್ಲರಿಗೂ ಪೊಂಪೈ ಅಂತ ಅರ್ಥ. ಮೂರು ಕಿಲೊಮೀಟರಿಗೂ ಜಾಸ್ತಿ ಉದ್ದ, ಗಾಲಿಕುರ್ಚಿ ಹೋಗುವ ಹಾಗೆ ಸಮ ಮಾಡಿದ ದಾರಿ, ಕಟ್ಟೆ ಬಂದಲ್ಲಿ ಇಳಿಜಾರು. ಅದು ಶುರುವಾಗುವುದು ಪಿಯಾತ್ಸಾ ಅನ್ಫಿತೆಯಾತ್ರೊ ಬಾಗಿಲಿನಿಂದ. ನೇಪಲ್ಸ್‌ನಿಂದ ಬರುವ ಚಿಕ್ಕ ಲೋಕಲ್ ರೈಲು ಚಿರ್ಕುಮ್‌ವೆಸುವಿಯಾನಾ ನಿಮ್ಮನ್ನು ಇಳಿಸುವುದು ಊರಿನ ಇನ್ನೊಂದು ತುದಿಯ ಪೋರ್ಟಾ ಮರೀನಾ ಬಾಗಿಲಲ್ಲಿ, ಅಲ್ಲಿ ಕಲ್ಲುಹಾಸಿನ ಕಡಿದಾದ ಏರು. ಆ ರೈಲೂ ಗಿಜಿಗುಡುತ್ತದೆ. ನೀವು ಸಲೆರ್ನೊದಿಂದ ಮಾಮೂಲಿ ಪ್ರಾದೇಶಿಕ ರೈಲಿನಲ್ಲಿ ಪೊಂಪೈ ಊರಿನ ಸ್ಟೇಷನ್‌ಗೆ ಬಂದು, ಟ್ಯಾಕ್ಸಿ ಹಿಡಿದು ಅನ್ಫಿತೆಯಾತ್ರೊ ಅನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ಒಳಗೆ ನೆರಳು ಕಡಿಮೆ, ಕೂರುವ ಜಾಗ ಇನ್ನೂ ಕಡಿಮೆ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಹಾಗಾಗಿ ಟಿಕೆಟ್ ಮೊದಲೇ ತೆಗೆದಿಡಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳಿಗೆಲ್ಲ ಪುಕ್ಕಟೆ, ಆ ದಿನ ಆ ಕಡೆ ತಲೆ ಹಾಕಬೇಡಿ. ಹಿರಿಯ ನಾಗರಿಕರ ರಿಯಾಯಿತಿ ಸಿಗಬಹುದು ಅಂದುಕೊಂಡಿದ್ದರೆ, ಅದನ್ನು 2014ರಲ್ಲೇ ತೆಗೆದುಬಿಟ್ಟರು.

ಮೂರು ಕಿಲೊಮೀಟರ್ ನಿಮ್ಮವರಿಂದ ನಡೆಯಲಾಗುವುದಿಲ್ಲ, ಗೊತ್ತು. ಅದಕ್ಕೆ ಗಾಲಿಕುರ್ಚಿ ತೆಗೆದುಕೊಳ್ಳಿ. ಇದನ್ನು ಹೇಳಿದ ಕೂಡಲೇ ನಮ್ಮವರ ಮುಖ ಸಣ್ಣದಾಗುತ್ತದೆ, ನನ್ನ ಚಿಕ್ಕಮ್ಮನದೂ ಆಗಿತ್ತು. ನಡೆಯಲು ಬರುವವರಿಗೂ ಗಾಲಿಕುರ್ಚಿ ಬೇಕಾಗುತ್ತದೆ ಸಾರ್, ಕುರ್ಚಿ ಜೊತೆಗಿದ್ದರೆ ಎಲ್ಲಿ ಬೇಕೋ ಅಲ್ಲಿ ಎದ್ದು ನಡೆಯಬಹುದು, ಸುಸ್ತಾದಾಗ ಬೆಂಚು ಹುಡುಕುವುದು ತಪ್ಪುತ್ತದೆ. ಇಲ್ಲಿಂದಲೇ ಮಡಚುವ ಕುರ್ಚಿ ಒಯ್ಯಬಹುದು, ವಿಮಾನದವರು ಅದಕ್ಕೆ ದುಡ್ಡು ಕೇಳುವುದಿಲ್ಲ. ಇಲ್ಲವೇ ಅಲ್ಲೇ ಸಾನಿತಾರಿಯಾ ಅಂತ ಬೋರ್ಡ್ ಇರುವ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಕೊಡುತ್ತಾರೆ, ನಮ್ಮ ಸರ್ಜಿಕಲ್ ಅಂಗಡಿಗಳ ಥರದವು. ಒಂದು ನೋಡಿಕೊಳ್ಳಿ: ಮುಂದಿನ ಚಕ್ರ ತೀರಾ ಸಣ್ಣದಿದ್ದರೆ ಕಲ್ಲಿನ ಸಂದಿಗೆ ಸಿಕ್ಕಿ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಚಕ್ರ ದಪ್ಪ ಇರಲಿ. ತಳ್ಳುವವರಿಗೂ 72 ಅನ್ನುವುದು ಮರೆಯಬೇಡಿ, ಪೊಂಪೈಯಲ್ಲಿ ಎರಡು ಗಂಟೆ ಸಾಕು.

ನನ್ನನ್ನು ಕೇಳಿದರೆ ನಿಮಗೆ ಪೊಂಪೈಗಿಂತ ಇಷ್ಟವಾಗುವುದು ಪೇಸ್ಟುಮ್. ಸಲೆರ್ನೊದಿಂದ ದಕ್ಷಿಣಕ್ಕೆ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಗ್ರೀಕರು ಕಟ್ಟಿದ ಮೂರು ದೇವಸ್ಥಾನ, ಹಳೆಯದು ಕ್ರಿ.ಪೂ. 550ರ ಸುಮಾರಿನದು. ಅಂದರೆ ನಮ್ಮ ಬಾದಾಮಿ ಗುಹೆಗಳಿಗಿಂತ ಸಾವಿರ ವರ್ಷಕ್ಕೂ ಜಾಸ್ತಿ ಹಳತು, ಮತ್ತು ಬಾದಾಮಿಯ ಹಾಗೆ ಹತ್ತುವುದೇನೂ ಇಲ್ಲ. ಬಯಲು, ಹುಲ್ಲು, ಅದರ ಮಧ್ಯೆ ಜೇನಿನ ಬಣ್ಣದ ಕಂಬಗಳು, ಅಷ್ಟೇ. ಜನವೂ ಕಡಿಮೆ. ಒಂದು ದೇವಸ್ಥಾನದ ಒಳಗೇ ಗಾಲಿಕುರ್ಚಿ ಹೋಗಲು ಇಳಿಜಾರು ಹಾಕಿದ್ದಾರೆ, ಅಂಥ ಹಳೆಯ ಕಟ್ಟಡದಲ್ಲಿ ಹಾಗೆ ಮಾಡಿದ್ದು ಅಪರೂಪ. ಸುತ್ತಮುತ್ತ ಎಮ್ಮೆ ಸಾಕುವವರು, ಎಮ್ಮೆ ಹಾಲಿನ ಮೊಝರೆಲ್ಲಾ ಅಲ್ಲಿಯದೇ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ತಿನ್ನಬೇಕು. ಕತ್ತರಿಸಿದರೆ ಹಾಲು ಒಸರುತ್ತದೆ.

ಈಗ ರೈಲಿನ ವಿಷಯ. ನೀವಿಬ್ಬರೇ ಓಡಾಡುವ ಧೈರ್ಯ ಮಾಡಬಹುದು ಅಂತ ನಾನು ಹೇಳುತ್ತಿರುವುದೇ ಇದರಿಂದ. ಇಟಲಿಯ ರೈಲು ಸ್ಟೇಷನ್‌ಗಳಲ್ಲಿ ‘ಸಾಲಾ ಬ್ಲೂ’ ಅಂತ ಒಂದು ಸೇವೆ ಇದೆ, ನೀಲಿ ಕೋಣೆ ಅಂತ. ಪುಕ್ಕಟೆ. ಗಾಲಿಕುರ್ಚಿಯವರಿಗೆ ಮಾತ್ರ ಅಂದುಕೊಂಡು ನಮ್ಮವರು ಕೇಳುವುದೇ ಇಲ್ಲ, ಆದರೆ ನಡೆಯಲು ಕಷ್ಟಪಡುವ ವಯಸ್ಸಾದವರೂ ಅದರಲ್ಲಿ ಸೇರುತ್ತಾರೆ. 24 ಗಂಟೆ ಮೊದಲು ಫೋನ್ ಮಾಡಿಯೋ ಇಮೇಲ್‌ನಲ್ಲೋ ರೈಲು ನಂಬರ್ ಹೇಳಿದರೆ ಸ್ಟೇಷನ್‌ನಲ್ಲಿ ಒಬ್ಬರು ಕಾದಿರುತ್ತಾರೆ, ಬೇಕಿದ್ದರೆ ಗಾಲಿಕುರ್ಚಿ ತರುತ್ತಾರೆ, ಬೋಗಿ ಎತ್ತರವಿದ್ದರೆ ಪ್ಲಾಟ್‌ಫಾರಂ ಮೇಲೆ ಪುಟ್ಟ ಲಿಫ್ಟ್ ತಂದು ಹತ್ತಿಸುತ್ತಾರೆ, ಇಳಿಯುವ ಕಡೆಯೂ ಹಾಗೇ ಇಳಿಸಿಕೊಳ್ಳುತ್ತಾರೆ. ನೇಪಲ್ಸ್, ಬಾರಿಯಂಥ ದೊಡ್ಡ ಸ್ಟೇಷನ್‌ಗಳಲ್ಲಿ ಇದರ ಆಫೀಸೇ ಇದೆ. ಆದರೆ ಚಿರ್ಕುಮ್‌ವೆಸುವಿಯಾನಾ, ಮಟೇರಾಕ್ಕೆ ಹೋಗುವ ಚಿಕ್ಕ ರೈಲು, ಇವೆಲ್ಲ ಬೇರೆ ಕಂಪನಿಯವು. ನೀಲಿ ಕೋಣೆಯವರು ಅಲ್ಲಿಗೆ ಬರುವುದಿಲ್ಲ.

ವಿಮಾನದಲ್ಲೂ ಹಾಗೇ, 48 ಗಂಟೆ ಮೊದಲೇ ಹೇಳಿ. ಬರೀ ‘ವೀಲ್‌ಚೇರ್’ ಅಂದರೆ ಸಾಲದು. ದೂರ ನಡೆಯಲಾಗದವರಿಗೆ ಒಂದು ಕೋಡ್, ಮೆಟ್ಟಿಲೂ ಹತ್ತಲಾಗದವರಿಗೆ ಇನ್ನೊಂದು. ಎರಡನೆಯದನ್ನು, ಡಬ್ಲ್ಯೂಸಿಎಚ್‌ಎಸ್ ಅನ್ನುವುದನ್ನು, ಹಾಕಿಸಿ. ಚಿಕ್ಕ ಏರ್‌ಪೋರ್ಟ್‌ಗಳಲ್ಲಿ ವಿಮಾನ ದೂರ ನಿಂತು ಮೆಟ್ಟಿಲಲ್ಲಿ ಇಳಿಸುವಾಗ ಅದು ನೆನಪಾಗುತ್ತದೆ. ಬೆಂಗಳೂರಿನಿಂದ ನೇಪಲ್ಸ್‌ಗೆ ಫ್ರಾಂಕ್‌ಫರ್ಟ್ ಮೂಲಕ ಹೋಗಿ, ವಾಪಸ್ ಬಾರಿಯಿಂದ ಬನ್ನಿ, ಹಿಂದಕ್ಕೆ ಬರುವ ಒಂದು ದಿನ ಉಳಿಯುತ್ತದೆ. ವಿಮಾನ ಬದಲಾಯಿಸಲು ಮೂರು ಗಂಟೆಯಾದರೂ ಇರಲಿ, ನಮ್ಮ ಕಡೆಯ ವಿಮಾನ ಇಳಿದಾಗ ಗಾಲಿಕುರ್ಚಿಗಳ ಕ್ಯೂ ಎಷ್ಟುದ್ದ ಇರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನೇಪಲ್ಸ್‌ನಲ್ಲಿ ಇಳಿದ ದಿನ ರೈಲು ಗೀಲು ಬೇಡ, ಮೊದಲೇ ಹೇಳಿಟ್ಟ ಕಾರಿನಲ್ಲಿ ಸೀದಾ ಸಲೆರ್ನೊಗೆ, ಒಂದು ಗಂಟೆ.

ಸಲೆರ್ನೊದಿಂದ ಪೂರ್ವ ಕರಾವಳಿಗೆ ರೈಲಿನಲ್ಲಿ ಹೋಗುವುದು ಸುತ್ತಾಟದ ಕೆಲಸ. ಇಲ್ಲೊಂದು ಕಡೆ ಖರ್ಚು ಮಾಡಿ. ಡ್ರೈವರ್ ಸಮೇತ ಕಾರು ತೆಗೆದುಕೊಂಡು ಸಲೆರ್ನೊ ಬಿಟ್ಟು, ಮಟೇರಾದಲ್ಲಿ ನಿಲ್ಲಿಸಿ, ಸಂಜೆ ಬಾರಿ ಸೇರಿಕೊಳ್ಳಿ. ಮಟೇರಾಕ್ಕೆ ಮೂರು ಗಂಟೆಯ ಆಸುಪಾಸು, ಅಲ್ಲಿಂದ ಬಾರಿಗೆ ಒಂದು ಗಂಟೆ ಚಿಲ್ಲರೆ. ನೀವೇ ಓಡಿಸುವ ಯೋಚನೆ ಬೇಡ. ಹಳೇ ಊರುಗಳ ಒಳಗೆ ಹೊರಗಿನ ವಾಹನ ಬಿಡದ ವಲಯಗಳಿವೆ, ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಟ್ಟಲೆ ಆದ ಮೇಲೆ ಮೈಸೂರಿನ ಮನೆಗೇ ಬರುತ್ತದೆ.

ಮಟೇರಾದ ಸಾಸ್ಸಿ ಅಂದರೆ ಬಂಡೆ ಕೊರೆದು ಮಾಡಿದ ಮನೆಗಳ ಕೇರಿ. 1952ರಲ್ಲಿ ಕಾನೂನು ಮಾಡಿ ಅಲ್ಲಿದ್ದ ಜನರನ್ನೆಲ್ಲ ಖಾಲಿ ಮಾಡಿಸಲು ಶುರುಮಾಡಿದರು, ಅಷ್ಟು ಬಡತನ, ಅಷ್ಟು ರೋಗ. 1993ರಲ್ಲಿ ಅದೇ ಕೇರಿ ಯುನೆಸ್ಕೊ ಪಟ್ಟಿಗೆ ಸೇರಿತು. ಈಗ ಅದೇ ಗುಹೆಗಳಲ್ಲಿ ದುಬಾರಿ ಹೋಟೆಲ್ಲು. ಅಲ್ಲಿ ರಾತ್ರಿ ಕಳೆಯಬೇಕು ಅಂತ ಎಲ್ಲರಿಗೂ ಆಸೆ, ನಿಮಗೆ ನಾನು ಬೇಡ ಅನ್ನುತ್ತೇನೆ. ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ, ಕಂಬಿ ಇಲ್ಲ, ಸವೆದು ಗಾಜಿನ ಹಾಗೆ ನುಣುಪು. ಮೇಲೆ ವಿತ್ತೋರಿಯೊ ವೆನೆತೊ ಚೌಕದಲ್ಲಿ ಮೂರು ಕಮಾನಿನ ಒಂದು ಕಟ್ಟೆ ಇದೆ, ಅಲ್ಲಿ ನಿಂತರೆ ಕೇರಿ ಕಣ್ಣ ಕೆಳಗೆ ಹರಡಿಕೊಳ್ಳುತ್ತದೆ. ಒಳಗೂ ಹೋಗಬೇಕು ಅನ್ನಿಸಿದರೆ ಆಪೆ ಆಟೋ ಹತ್ತಿ. ಹೌದು, ನಮ್ಮ ಊರುಗಳಲ್ಲಿ ಓಡಾಡುವ ಅದೇ ಆಪೆ. 1948ರಲ್ಲಿ ಇಟಲಿಯಲ್ಲೇ ಹುಟ್ಟಿದ್ದು ಅದು, ಆಪೆ ಅಂದರೆ ಅವರ ಭಾಷೆಯಲ್ಲಿ ಜೇನುನೊಣ. ಮೂರು ಚಕ್ರದ ಗಾಡಿ ಗಡಗಡ ಅನ್ನುತ್ತಾ ಸಾಸ್ಸಿಯ ಇಕ್ಕಟ್ಟು ರಸ್ತೆಯಲ್ಲಿ ಇಳಿಯುವಾಗ ನಿಮ್ಮ ಮನೆಯವರಿಗೆ ದೇವರಾಜ ಅರಸು ರಸ್ತೆಯೇ ನೆನಪಾದರೆ ಆಶ್ಚರ್ಯವಿಲ್ಲ.

ಕೊನೆಯ ಐದಾರು ದಿನ ಪುಲಿಯಾದಲ್ಲಿ. ಇಟಲಿಯ ಬೂಟಿನ ಹಿಮ್ಮಡಿ, ಹೆಚ್ಚಿನ ಭಾಗ ಬಯಲು. ಬಾರಿಯ ಹಳೇ ಊರು ಸಮತಟ್ಟು. ಅಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಮಾಡುತ್ತಾರೆ, ಕಿವಿಯ ಆಕಾರದ ಪಾಸ್ತಾ. ಹಿಟ್ಟಿನ ತುಂಡನ್ನು ಚಾಕುವಿನಿಂದ ಎಳೆದು ಹೆಬ್ಬೆರಳ ಮೇಲೆ ಮಗುಚಿದರೆ ಒಂದು, ಎಣಿಸುವಷ್ಟರಲ್ಲಿ ಹತ್ತು. ಬಾರಿಯಲ್ಲಿ ಎರಡು ರಾತ್ರಿ, ಮತ್ತೆ ರೈಲಿನಲ್ಲಿ ಒಂದೂವರೆ ಗಂಟೆ ಹೋಗಿ ಲೆಚ್ಚೆಯಲ್ಲಿ ಮೂರು ನಾಲ್ಕು ರಾತ್ರಿ. ಲೆಚ್ಚೆ ನನ್ನ ಪ್ರೀತಿಯ ಊರು, ಸ್ವಲ್ಪ ಪಕ್ಷಪಾತ ಇದೆ. ಅಲ್ಲಿಯ ಕಲ್ಲು ಮೆದು, ನಮ್ಮ ಬೇಲೂರು ಹಳೇಬೀಡಿನ ಬಳಪದ ಕಲ್ಲಿನ ಹಾಗೆ ಕೆತ್ತಲು ಬಗ್ಗುತ್ತದೆ, ಅದಕ್ಕೇ ಸಾಂತಾ ಕ್ರೋಚೆ ಚರ್ಚಿನ ಮುಖದಲ್ಲಿ ಖಾಲಿ ಜಾಗವೇ ಬಿಟ್ಟಿಲ್ಲ. ನಡುಚೌಕದಲ್ಲಿ ರೋಮನ್ನರ ರಂಗಮಂದಿರ ನೆಲಮಟ್ಟಕ್ಕಿಂತ ಕೆಳಗಿದೆ, ಮೇಲೆ ನಿಂತೇ ನೋಡಬಹುದು. ಆಲ್ಬೆರೊಬೆಲ್ಲೊ, ಅದೇ ಶಂಕುವಿನಾಕಾರದ ಮಾಡಿನ ಮನೆಗಳ ಊರು, ಅರ್ಧ ದಿನ ಕಾರಿನಲ್ಲಿ. ಒಸ್ತೂನಿ ಗುಡ್ಡ, ದೂರದಿಂದ ನೋಡಿದರೆ ಸಾಕು. ಒಂದು ಎಚ್ಚರ: ಪುಲಿಯಾದ ಬೀದಿಗಳಿಗೆ ಹಾಸಿದ ಬಿಳಿ ಚಪ್ಪಡಿ ಕಲ್ಲು ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ. ಊರುಗೋಲಿನ ತುದಿಯ ರಬ್ಬರ್ ಹೊರಡುವ ಮುಂಚೆ ಹೊಸದು ಹಾಕಿಸಿ, ಒಂದೆರಡು ಜಾಸ್ತಿ ಇಟ್ಟುಕೊಳ್ಳಿ.

ಹೋಟೆಲ್ ಬಗ್ಗೆ ನನಗೇ ಆದ ಪಾಠ ಹೇಳುತ್ತೇನೆ. ಚಿಕ್ಕಮ್ಮನ ಜೊತೆ ನೇಪಲ್ಸ್‌ನಲ್ಲಿ ಒಂದು ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ರೂಮ್ ಮಾಡಿದ್ದೆ. ಲಿಫ್ಟ್ ಇದೆಯಾ ಅಂತ ಕೇಳಿದ್ದೆ, ಇದೆ ಅಂದಿದ್ದರು. ಸುಳ್ಳೇನಲ್ಲ, ಇತ್ತು. ಆದರೆ ಬಾಗಿಲು ದಾಟಿ, ಅಂಗಳ ದಾಟಿ, 17 ಮೆಟ್ಟಿಲು ಹತ್ತಿದ ಮೇಲೆ ಇತ್ತು. ಹತ್ತಿ ನೋಡಿದರೆ ಲಿಫ್ಟಿನೊಳಗೆ ಒಂದು ಡಬ್ಬಿ, ಚಿಲ್ಲರೆ ನಾಣ್ಯ ಹಾಕಿದರೆ ಮಾತ್ರ ಮೇಲಕ್ಕೆ ಹೋಗುತ್ತದೆ, ನೇಪಲ್ಸ್‌ನ ಹಳೇ ಕಟ್ಟಡಗಳಲ್ಲಿ ಇದು ಮಾಮೂಲಂತೆ. ನನ್ನ ಹತ್ತಿರ ಇದ್ದದ್ದು ಎರಡು ಯೂರೊ ನಾಣ್ಯ, ಅದು ತೂತಿಗೆ ಹಿಡಿಸಲಿಲ್ಲ. ಚಿಕ್ಕಮ್ಮ ಸೂಟ್‌ಕೇಸ್ ಮೇಲೆ ಕೂತು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ತರಕಾರಿ ಚೀಲ ಹಿಡಿದು ಬಂದ ಮೇಲಿನ ಮನೆಯ ಅಜ್ಜಿಯೊಬ್ಬರು ಹತ್ತು ಸೆಂಟ್ ನಾಣ್ಯ ಹಾಕಿ ಕರೆದೊಯ್ದರು, ಮೂವರೂ ಒಟ್ಟಿಗೆ ಹಿಡಿಸದೆ ನಾನು ಮೆಟ್ಟಿಲಲ್ಲೇ ಹತ್ತಿದೆ.

ಅಂದಿನಿಂದ ಲಿಫ್ಟ್ ಇದೆಯಾ ಅಂತ ಕೇಳುವುದೇ ಬಿಟ್ಟಿದ್ದೇನೆ. ರಸ್ತೆಯಿಂದ ಲಿಫ್ಟಿನ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಲಿಫ್ಟಿನ ಬಾಗಿಲು ಎಷ್ಟು ಸೆಂಟಿಮೀಟರ್ ಅಗಲ? ಸ್ನಾನದ ಜಾಗ ನೆಲಮಟ್ಟಕ್ಕಿದೆಯಾ, ಇಲ್ಲಾ ಟಬ್ಬಿನ ಅಂಚು ದಾಟಬೇಕಾ? ಈ ಮೂರನ್ನು ಬರೆದು ಕೇಳಿ, ಬಾತ್‌ರೂಮಿನ ಫೋಟೊ ತರಿಸಿಕೊಳ್ಳಿ. ಉತ್ತರ ಕೊಡಲು ಹಿಂದೆ ಮುಂದೆ ನೋಡಿದ ಹೋಟೆಲ್ ಬೇಡ. ಒಂದು ಸಮಾಧಾನ ಏನೆಂದರೆ ಇಟಲಿಯಲ್ಲಿ ಕಮೋಡ್ ಪಕ್ಕದಲ್ಲಿ ತೊಳೆದುಕೊಳ್ಳುವ ಬಿಡೆ ಇದ್ದೇ ಇರುತ್ತದೆ, 1975ರ ಆದೇಶವೊಂದು ಅದನ್ನು ಮನೆಗಳಿಗೆ ಕಡ್ಡಾಯವೇ ಮಾಡಿದೆ. ಯುರೋಪಿನ ಬೇರೆ ಕಡೆ ಮಗ್ಗು ಹೊತ್ತೊಯ್ಯುವ ನಮ್ಮವರಿಗೆ ಇದು ಸಣ್ಣ ಸುಖವಲ್ಲ.

ಊಟಕ್ಕೆ ತೊಂದರೆಯಿಲ್ಲ. ಪುಲಿಯಾದಲ್ಲಿ ಫಾವೆ ಎ ಚಿಕೋರಿಯಾ ಕೇಳಿ, ಒಣಗಿದ ಅವರೆಯಂಥ ಕಾಳನ್ನು ನುಣ್ಣಗೆ ಬೇಯಿಸಿ, ಪಕ್ಕದಲ್ಲಿ ಸ್ವಲ್ಪ ಕಹಿ ಸೊಪ್ಪು ಇಡುತ್ತಾರೆ, ಬಸ್ಸಾರು ತಿಂದು ಬೆಳೆದವರಿಗೆ ಮನೆ ಊಟ. ಒರೆಕ್ಕಿಯೆತ್ತೆಗೆ ಸೊಪ್ಪಿನ ಜೊತೆ ಮೀನು ಕರಗಿಸಿ ಹಾಕುವುದುಂಟು, ಕಣ್ಣಿಗೆ ಕಾಣುವುದೂ ಇಲ್ಲ. ‘ಸೆಂಝಾ ಅಚ್ಚೂಗೆ’ ಅನ್ನಿ, ಆ ಮೀನು ಬೇಡ ಅಂತ. ರಾತ್ರಿ ಊಟ ಏಳೂವರೆ ಎಂಟಕ್ಕಿಂತ ಮೊದಲು ಸಿಗುವುದು ಕಷ್ಟ. ಮಾತ್ರೆ ತೆಗೆದುಕೊಳ್ಳುವವರು ಕೈಯಲ್ಲಿ ಏನಾದರೂ ಇಟ್ಟುಕೊಳ್ಳಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ, ಊರೇ ಮಲಗುತ್ತದೆ. ನೀವೂ ಮಲಗಿ.

ವೀಸಾಕ್ಕೆ 30,000 ಯೂರೊ ವಿಮೆ ಕಡ್ಡಾಯ. ಅಗ್ಗದ್ದು ಹುಡುಕಿ ಬಿಪಿ, ಶುಗರ್, ಮಂಡಿ ಯಾವುದನ್ನೂ ಬರೆಯದೆ ತೆಗೆದುಕೊಂಡರೆ ಬೇಕಾದಾಗ ಅದು ಬರೀ ಕಾಗದ, ಹಳೇ ಕಾಯಿಲೆ ಒಪ್ಪುವ ಪಾಲಿಸಿಯನ್ನೇ ತೆಗೆದುಕೊಳ್ಳಿ. ಔಷಧದ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ಡಾಕ್ಟರ ಹತ್ತಿರ ಬರೆಸಿ. ತುರ್ತು ನಂಬರ್ 112.

ತಿಂಗಳು ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳು. ಜುಲೈ ಆಗಸ್ಟ್ ಬೇಡ, ಆ ಬಿಸಿಲಿನಲ್ಲಿ ಗಟ್ಟಿ ಕಾಲಿನವರೂ ಕೂರುತ್ತಾರೆ. ಸಿಸಿಲಿಯನ್ನು ಈ ಸಲ ಸೇರಿಸಬೇಡಿ, ನಕ್ಷೆಯಲ್ಲಿ ಪಕ್ಕದಲ್ಲೇ ಇದ್ದರೂ ಅದಕ್ಕೇ ಹತ್ತು ದಿನ ಬೇಕು. ಮೊದಲ ಕೆಲಸ ಸಲೆರ್ನೊದ ನಾಲ್ಕು ಹೋಟೆಲ್‌ಗಳಿಗೆ ಆ ಮೂರು ಪ್ರಶ್ನೆ ಬರೆದು ಕಳಿಸುವುದು. ಉತ್ತರ ಬಂದ ಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ನೀಲಿ ಕೋಣೆಗೆ ಫೋನ್ ಮಾಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿಬಿಡಿ, ಬೇಡ ಅನ್ನುವುದಕ್ಕೆ ಅವರಿಗೆ ಪುರುಸೊತ್ತು ಸಿಗುವುದಿಲ್ಲ.